ಹನ್ನೊಂದಕ್ಕೆ ನಿಲ್ಲದ ಸರ್ವರ್

ಆ ನಗರ ಕಚೇರಿಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವರು ಎರಡ್ನಿಮಿಷ ಮೇಡಂ. ಬೆಳಿಗ್ಗೆ ಹನ್ನೊಂದಾಗುತ್ತಿದ್ದಂತೆ ಒಂದೊಂದೇ ವಿಭಾಗಕ್ಕೆ ಫೋನ್ ಮಾಡಿ, "ಸೇವ್ ಮಾಡ್ಕೊಳ್ಳಿ, ಕೈ ತೆಗೀರಿ, ಎರಡು ನಿಮಿಷ" ಎನ್ನುವುದು ಅವರ ವಾಡಿಕೆ. ಆ ಎರಡು ನಿಮಿಷ ಕಾಲು ಗಂಟೆಗಿಂತ ಮೊದಲು ಮುಗಿದದ್ದನ್ನು ಕಂಡವರಿಲ್ಲ. ಮನೆಯಲ್ಲೂ ಅಷ್ಟೇ. "ಎರಡು ನಿಮಿಷ, ಬಂದೆ" ಎಂದು ಅವರು ಫೋನಿನಲ್ಲಿ ಹೇಳಿದರೆ ಗಂಡ ಊಟ ಮುಗಿಸಿ, ತಟ್ಟೆ ತೊಳೆದು, ಬೋರಲು ಹಾಕಿರುತ್ತಿದ್ದರು.

ಮೇಡಂ ಕೂರುತ್ತಿದ್ದದ್ದು ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ. ಒಂದು ಕಡೆ ಏಣಿ, ಪೊರಕೆ, ಒಡೆದ ಕುರ್ಚಿಗಳ ಉಗ್ರಾಣ. ಇನ್ನೊಂದು ಕಡೆ ಕಿಟಕಿಯೇ ಇಲ್ಲದ ಗೋಡೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಅವರು ಸ್ವೆಟರ್ ಹಾಕಿಕೊಂಡೇ ಇರಬೇಕು, ಏಕೆಂದರೆ ಎಸಿ ಇದ್ದದ್ದು ಮನುಷ್ಯರಿಗಲ್ಲ, ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಟ್ರಂಕಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆಗೆ. ಅದೇ ಸರ್ವರ್. ಅದರಲ್ಲಿ ಓಡುತ್ತಿದ್ದ ಜಾವಾ ತಂತ್ರಾಂಶ ಒಂದು ವಠಾರದ ಹಾಗೆ. ನೀರು ಸರಬರಾಜು, ಗ್ರಂಥಾಲಯ, ಜನನ-ಮರಣ, ಸಮುದಾಯ ಭವನ, ನಾಯಿ ಲೈಸೆನ್ಸು ಎಂಬ ಐದು ಅಪ್ಲಿಕೇಶನ್‌ಗಳು ಅಲ್ಲಿ ಬಾಡಿಗೆಗಿದ್ದವು. ಬಾಗಿಲು ಬೇರೆ ಬೇರೆ, ಮೇಲಿನ ಟ್ಯಾಂಕ್ ಮಾತ್ರ ಒಂದೇ. ಮೆಮೊರಿ ಎಂಬ ಆ ಟ್ಯಾಂಕಿನಿಂದ ಎಲ್ಲರೂ ಬೇಕಾದಷ್ಟು ತೆಗೆದುಕೊಳ್ಳಬಹುದು, ಕೆಲಸವಾದ ಮೇಲೆ ವಾಪಸ್ ಬಿಡಬೇಕು. ನಾಲ್ವರು ಬಿಡುತ್ತಿದ್ದರು. ಊರಿಗೆಲ್ಲ "ಪುಸ್ತಕ ವಾಪಸ್ ಕೊಡಿ" ಎಂದು ನೋಟಿಸ್ ಕಳಿಸುವ ಗ್ರಂಥಾಲಯ ಮಾತ್ರ ತಾನು ತೆಗೆದುಕೊಂಡದ್ದನ್ನು ಯಾವತ್ತೂ ವಾಪಸ್ ಕೊಟ್ಟದ್ದಿಲ್ಲ.

ಬೆಳಿಗ್ಗೆ ಕೌಂಟರ್ ತೆರೆದಾಗಿನಿಂದ ಗ್ರಂಥಾಲಯ ಹೀರುತ್ತಾ ಹೋಗುತ್ತಿತ್ತು. ಹನ್ನೊಂದರ ಹೊತ್ತಿಗೆ ಉಳಿದ ನಾಲ್ಕೂ ಏದುಸಿರು ಬಿಡುತ್ತಿದ್ದವು. ಗ್ರಂಥಾಲಯವೊಂದನ್ನೇ ಎಬ್ಬಿಸಿ ಮತ್ತೆ ಕೂರಿಸಿ ನೋಡಿದ್ದರು. ಹಳೆಯದು ಹೊರಗೆ ಹೋಗದೆ ಅಲ್ಲೇ ಕೂತು, ಹೊಸದೂ ಅದರ ಪಕ್ಕ ಬಂದು ಕೂತು, ಇನ್ನೂ ಫಜೀತಿಯಾಗಿತ್ತು. ಹಾಗಾಗಿ ಇಡೀ ವಠಾರವನ್ನೇ ಖಾಲಿ ಮಾಡಿಸಿ ಮತ್ತೆ ತುಂಬಿಸುವುದೊಂದೇ ದಾರಿ. ಅದು ತಾನಾಗಿಯೇ ಆಗುವಂತೆ ಮಾಡಲೂ ಬರುವಂತಿರಲಿಲ್ಲ. ಯಾರದೋ ಮಗುವಿನ ಹುಟ್ಟಿದ ತಾರೀಖು ಅರ್ಧ ಟೈಪಾಗಿರುವಾಗ ಸರ್ವರ್ ಕಣ್ಣು ಮುಚ್ಚಿದರೆ ಆ ಮಗು ಸರ್ಕಾರದ ಲೆಕ್ಕದಲ್ಲಿ ಹುಟ್ಟಿಯೂ ಹುಟ್ಟದಂತೆ. ಅದಕ್ಕೇ ಆ ಫೋನು.

ಫೋನ್ ಬಂತೆಂದರೆ ಇಡೀ ಕಟ್ಟಡ ಕುರ್ಚಿ ಹಿಂದೆ ತಳ್ಳಿ ಎದ್ದು, ನೆಲಮಹಡಿಯ ಕ್ಯಾಂಟೀನಿಗೆ ಇಳಿಯುತ್ತಿತ್ತು. ಕ್ಯಾಂಟೀನ್ ನಡೆಸುವವರನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಫೋನಿಗೆ ಸರಿಯಾಗಿ ಅವರ ಟೀ ಕುದಿ ಬಂದಿರುತ್ತಿತ್ತು. ಸಾಲಿನಲ್ಲಿ ನಿಂತ ಜನರೂ ಗೊಣಗುತ್ತಿರಲಿಲ್ಲ. ಕಂಪ್ಯೂಟರೇ ಇಲ್ಲದ ಮೇಲೆ ಗುಮಾಸ್ತರನ್ನು ಬೈದು ಏನು ಬರುತ್ತದೆ? ಅಲ್ಲಿ ಯಾರು ಯಾರೊಡನೆ ಕೂರುತ್ತಾರೆ, ಏನು ಮಾತಾಡುತ್ತಾರೆ ಎಂಬುದು ಮೇಡಂ ಒಬ್ಬರಿಗೇ ಗೊತ್ತಿರಲಿಲ್ಲ. ಕಟ್ಟಡವೆಲ್ಲ ಕೆಳಗಿರುವ ಹೊತ್ತಿನಲ್ಲಿ ಅವರೊಬ್ಬರೇ ಮೇಲೆ ಐದು ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತಾ ಕೂತಿರುತ್ತಿದ್ದರು. ಅವರ ಪಾಲಿನ ಟೀ ಮೇಲೆ ಬರುವಷ್ಟರಲ್ಲಿ ಕೆನೆ ಕಟ್ಟಿರುತ್ತಿತ್ತು.

ಹೀಗೆ ವರ್ಷಗಳು ಉರುಳಿದವು. ತೊಂದರೆಯಾದದ್ದು ಅಕ್ಕನ ಮಂಡಿಯಿಂದ.

ಅಕ್ಕ ಇದ್ದದ್ದು ಒಂದು ಹಗಲಿನ ರೈಲು ಪ್ರಯಾಣದಷ್ಟು ದೂರದಲ್ಲಿ. ವಯಸ್ಸಿನಲ್ಲಿ ದೊಡ್ಡವಳು, ಬಾಯಲ್ಲಿ ಇನ್ನೂ ದೊಡ್ಡವಳು. ಅವಳ ಹೊಸ ಮನೆಗೆ ಮೇಡಂ ಕಾಲಿಡುವಷ್ಟರಲ್ಲಿ ಮನೆ ಹಳತಾಗಿತ್ತು. ಅವಳ ಮಗನ ಮದುವೆಗೆ ಹೋದಾಗ ಕುರ್ಚಿ ಮಡಚುತ್ತಿದ್ದರು. ಒಂದು ದಿನ ಅಕ್ಕ ಫೋನ್ ಮಾಡಿದಳು.

"ಎರಡೂ ಮಂಡಿ ಬದಲಾಯಿಸ್ಬೇಕಂತೆ ಪುಟ್ಟಿ. ಡಾಕ್ಟ್ರು ತಾರೀಖು ಕೊಟ್ಟಿದಾರೆ."

"ಒಳ್ಳೇದಾಯ್ತಲ್ಲ ಅಕ್ಕ, ಮಾಡಿಸ್ಕೋ."

"ನೀನು ಬಂದ್ರೆ ಮಾಡಿಸ್ಕೋತೀನಿ. ಇಲ್ದಿದ್ರೆ ಇಲ್ಲ. ಡಾಕ್ಟ್ರಿಗೂ ಹಂಗೇ ಹೇಳಿದೀನಿ."

"ಭಾವ ಇದಾರೆ, ಮಗ-ಸೊಸೆ ಇದಾರೆ..."

"ಭಾವಂಗೆ ರಕ್ತ ನೋಡಿದ್ರೆ ತಲೆ ಸುತ್ತು. ಮಗಂಗೆ ನನ್ನ ನೋಡಿದ್ರೇ ತಲೆ ಸುತ್ತು. ನನಗೆ ಭಯ ಆಗುತ್ತೆ ಕಣೇ, ಮತ್ತು ಬರೋ ಇಂಜೆಕ್ಷನ್ ಕೊಡ್ತಾರಂತೆ. ಕಣ್ಣು ಮುಚ್ಚೋವಾಗ ಎದುರಿಗೆ ನೀನಿರ್ಬೇಕು. ಆ ಐದು ಜನ ಬಾಡಿಗೆದಾರರನ್ನ ಸಾಕಿದ್ದು ಸಾಕು, ಬಾ."

ಅಕ್ಕ "ಭಯ" ಎಂಬ ಪದ ಬಳಸಿದ್ದನ್ನು ಮೇಡಂ ಹಿಂದೆಂದೂ ಕೇಳಿರಲಿಲ್ಲ. ಫೋನಿಟ್ಟು ನೇರವಾಗಿ ದೊಡ್ಡ ಸಾಹೇಬರ ಕೋಣೆಗೆ ಹೋದರು. ದೊಡ್ಡ ಸಾಹೇಬರು ಕಚೇರಿಯ ಮುಖ್ಯಸ್ಥರು, ಒಳ್ಳೆಯವರೇ. ಆದರೆ ಯಾವ ತೀರ್ಮಾನವನ್ನೂ ಅದರ ಹಿಂದೆ ಅಡಗಿಕೊಳ್ಳಲು ಒಂದು ಷರತ್ತಿಲ್ಲದೆ ಮಾಡಿದವರಲ್ಲ.

"ಎರಡು ವಾರ ರಜಾನಾ? ಹನ್ನೊಂದು ಗಂಟೆಗೆ ಯಾರಮ್ಮ ನೋಡ್ಕೊಳ್ಳೋದು?"

"ಏನಾದ್ರೂ ವ್ಯವಸ್ಥೆ ಮಾಡ್ತೀನಿ ಸರ್."

"ಒಂದು ಕೆಲಸ ಮಾಡಿ. ಮೊದಲು ಒಂದು ವಾರ ನೀವು ಮುಟ್ಟದೇನೇ ಅದು ಓಡಲಿ. ಓಡ್ತು ಅಂದ್ರೆ ಧಾರಾಳವಾಗಿ ಹೋಗಿ."

ಮೇಡಂ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ದಿನಾ ಸೋರುವ ಸೂರಿನ ಕೆಳಗೆ ಬಕೆಟ್ ಇಟ್ಟು ಅಭ್ಯಾಸವಾದವರಿಗೆ ಸೂರಿನ ಮೇಲೆ ಹತ್ತಿ ನೋಡುವ ಯೋಚನೆ ತಡವಾಗಿ ಬರುತ್ತದೆ. ಮರುದಿನ, ಸರ್ವರ್ ಏದುಸಿರು ಬಿಡುವ ಹೊತ್ತಿಗೆ ಸರಿಯಾಗಿ, ಅದರ ಮೆಮೊರಿಯಲ್ಲಿ ಏನೇನಿದೆಯೋ ಎಲ್ಲವನ್ನೂ ಒಂದು ಫೈಲಿಗೆ ಸುರಿಸಿಕೊಂಡು, ಯಾರ ಗಂಟು ದೊಡ್ಡದು ಎಂದು ಹುಡುಕತೊಡಗಿದರು. ಗಂಟು ಗ್ರಂಥಾಲಯದ್ದೇ. ಬಿಚ್ಚಿ ನೋಡಿದರೆ ಒಳಗೆ ಬೆಳಿಗ್ಗೆಯಿಂದ ಜನ ಹುಡುಕಿದ ಪುಸ್ತಕಗಳ ಪಟ್ಟಿ. ಯಾರೋ ಬಂದು "ಮನೆಯಲ್ಲೇ ಮೀನು ಸಾಕುವುದು ಹೇಗೆ" ಎಂದು ಹುಡುಕಿ ಹೋಗಿದ್ದರೆ ಅದನ್ನೂ, ಅದಕ್ಕೆ ಸಿಕ್ಕ ಅಷ್ಟೂ ಉತ್ತರಗಳನ್ನೂ ಗ್ರಂಥಾಲಯ ಎದೆಗವಚಿಕೊಂಡು ಕೂತಿತ್ತು. "ಇದನ್ನು ಹುಡುಕಿದವರು ಇದನ್ನೂ ಹುಡುಕಿದರು" ಎಂದು ತೋರಿಸಲಿಕ್ಕಂತೆ. ಆ ಸೌಲಭ್ಯವನ್ನು ಯಾರೂ ಬಳಸಿರಲಿಲ್ಲ, ಅದನ್ನು ತೋರಿಸುವ ಪುಟವನ್ನೇ ಮಾಡಿರಲಿಲ್ಲ. ಬರೆದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಆದರೆ ಸೆಟ್ಟಿಂಗ್ಸ್ ಫೈಲಿನ ಅಡಿಯಲ್ಲೊಂದು ಸಾಲಿತ್ತು: ಹುಡುಕಾಟಗಳನ್ನು ನೆನಪಿಡಬೇಕೇ? ಹೌದು.

ಮೇಡಂ "ಹೌದು" ತೆಗೆದು "ಬೇಡ" ಎಂದು ಮಾಡಿದರು. ಕೆಲಸ ಅಷ್ಟೇ. ಅದು ಅಷ್ಟೇ ಎಂಬುದನ್ನು ಅವರು ಗಂಡನಿಗೂ ಹೇಳಲಿಲ್ಲ.

ಮಾರನೆಯ ದಿನ ಹನ್ನೊಂದಾಯಿತು. ಮೆಮೊರಿಯ ಗೆರೆ ಏರಿತು, ಇಳಿಯಿತು, ಮತ್ತೆ ಸ್ವಲ್ಪ ಏರಿ ಮತ್ತೆ ಇಳಿಯಿತು, ನಿದ್ದೆ ಮಾಡುವ ಮಗುವಿನ ಎದೆಯ ಹಾಗೆ. ಮೇಡಂ ಕಣ್ಣು ಕೀಳದೆ ನೋಡುತ್ತಿದ್ದಾಗ ಫೋನ್ ಬಡಿದುಕೊಂಡಿತು. ನಾಯಿ ಲೈಸೆನ್ಸಿನ ಗುಮಾಸ್ತ.

"ಮೇಡಂ, ಇನ್ನೂ ನಿಲ್ಲಿಸ್ಲಿಲ್ವಾ?"

"ಇವತ್ತು ನಿಲ್ಸಲ್ಲ."

"ಯಾಕೆ, ಏನಾದ್ರೂ ತೊಂದ್ರೆನಾ?"

"ತೊಂದ್ರೆ ಇಲ್ಲ. ಅದಕ್ಕೇ ನಿಲ್ಸಲ್ಲ."

ಆ ಕಡೆ ಗುಮಾಸ್ತ ಇದನ್ನು ಅರಗಿಸಿಕೊಳ್ಳುತ್ತಿದ್ದ ಸದ್ದು ಕೇಳಿಸುವಂತಿತ್ತು. "ಎಷ್ಟೊತ್ತಿಗೆ ಸರಿ ಹೋಗ್ಬಹುದು?" ಎಂದ.

ಆಮೇಲೆ ಕೆಳಗಿನಿಂದ ಮಾವ ಫೋನ್ ಮಾಡಿದರು. "ಏನಮ್ಮಾ, ಟೀ ಆರ್ತಾ ಇದೆ. ಯಾರೂ ಬಂದಿಲ್ಲ. ಯಾರಾದ್ರೂ ಹೋಗ್ಬಿಟ್ರಾ?"

"ಯಾರೂ ಹೋಗಿಲ್ಲ ಮಾವ, ಸರ್ವರ್ ಸರಿ ಹೋಯ್ತು."

"ಅಯ್ಯೋ ಪಾಪ," ಎಂದರು ಮಾವ.

ಮೇಡಂ ಸ್ವೆಟರ್ ಬಿಚ್ಚಿ ಕುರ್ಚಿಗೆ ಹಾಕಿ, ಆ ಹೊತ್ತಿನಲ್ಲಿ ಮೊಟ್ಟಮೊದಲ ಬಾರಿಗೆ ಕ್ಯಾಂಟೀನಿಗೆ ಇಳಿದರು. ಬಿಸಿ ಟೀ ಕುಡಿಯುವ ಆಸೆ. ಉದ್ದನೆಯ ಬೆಂಚುಗಳೆಲ್ಲ ಖಾಲಿ. ಮಾವ ಎದುರಿಗೆ ಕೂತು ಅವರು ಕುಡಿಯುವುದನ್ನೇ ನೋಡಿದರು, ಆಸ್ಪತ್ರೆಯಲ್ಲಿ ರೋಗಿಗೆ ಗಂಜಿ ಕುಡಿಸುವವರ ಮುಖ ಮಾಡಿಕೊಂಡು.

ವಾರದ ನಡುವೆ ಒಬ್ಬ ವಯಸ್ಸಾದ ಹೆಂಗಸು ಎರಡು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತರು. ಕೈಯಲ್ಲಿ ಗ್ರಂಥಾಲಯದ ನೋಟಿಸು. ಅದರ ಕೆಳಗೆ ಸಣ್ಣಕ್ಷರದಲ್ಲಿ "ತಾಂತ್ರಿಕ ವಿಚಾರಣೆಗೆ ಎರಡನೇ ಮಹಡಿ" ಎಂದಿತ್ತು.

"ಇದನ್ನ ಕಳಿಸಿದ್ದು ನೀವೇನಾ?"

"ನಾನಲ್ಲಮ್ಮ, ಕಂಪ್ಯೂಟರು."

"ಯಾರೋ ಒಬ್ರು. ನಮ್ಮನೆಯವರು ಪುಸ್ತಕ ತಗೊಂಡು ಖುದ್ದಾಗಿ ಬರ್ಬೇಕಂತೆ, ಗುರುತಿನ ಚೀಟಿ ಸಮೇತ."

"ಹೌದಮ್ಮ, ಅವರನ್ನೇ ಕಳಿಸಿ..."

"ಅವರು ಹೋಗಿ ಇಪ್ಪತ್ತು ದಿನ ಆಯ್ತು." ಹೆಂಗಸು ಕುರ್ಚಿ ಎಳೆದು ತಾವೇ ಕೂತರು. "ಬದುಕಿದ್ದಾಗ ನಾನು ಊಟಕ್ಕೆ ಕರೆದ್ರೇ ಪುಸ್ತಕ ಬಿಟ್ಟು ಏಳ್ತಿರ್ಲಿಲ್ಲ. ನೀವು ಕರೆದ್ರೆ ಬರ್ತಾರೇನೋ ನೋಡಿ."

ಮೇಡಂ ನೋಟಿಸನ್ನು ಕೈಗೆ ತೆಗೆದುಕೊಂಡು ಮೇಲಿದ್ದ ಹೆಸರು ನೋಡಿದರು.

"ಮರಣ ಪತ್ರ ಮೊನ್ನೆ ತಾನೆ ಇದೇ ಕಟ್ಟಡದ ಕೆಳಗಡೆ ತಗೊಂಡಿದ್ದೀನಿ. ಆ ಮೇಡಂ ಎಷ್ಟು ಚೆನ್ನಾಗಿ ಮಾತಾಡಿದ್ರು. ಗ್ರಂಥಾಲಯ ಅದರ ಮೇಲಿನ ಮಹಡಿ. ನನ್ನ ಮಂಡಿ ನೋಡಿ, ನಾನೇ ಹತ್ತಿ ಬಂದೆ. ನಿಮ್ಮ ಸುದ್ದಿಗೆ ಒಂದು ಮಹಡಿ ಹತ್ತೋಕಾಗಲ್ವಾ?"

ಮಂಡಿ ಎಂದೊಡನೆ ಮೇಡಂಗೆ ಅಕ್ಕ ಕಣ್ಮುಂದೆ ಬಂದಳು. ಅವರು ಹೆಂಗಸಿನ ಕೈಹಿಡಿದು ಕೆಳಗಿಳಿಸಿ, ಕ್ಯಾಂಟೀನಿನಲ್ಲಿ ಕೂರಿಸಿ, ಟೀ ಕೊಡಿಸಿ, ಕ್ಷಮೆ ಕೇಳಿದರು. ಪುಸ್ತಕವನ್ನು ಹೆಂಗಸು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ಆಮೇಲೆ ಏನನ್ನೋ ಯೋಚಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡರು. "ಕೊಲೆ ಮಾಡಿದ್ದು ಯಾರು ಅಂತ ನಾನಿನ್ನೂ ಓದಿಲ್ಲ," ಎಂದರು.

ಎರಡನೆಯ ಏಟು ಬಿದ್ದದ್ದು ದೊಡ್ಡ ಸಾಹೇಬರಿಗೇ. ಸಮುದಾಯ ಭವನದಲ್ಲಿ ದಂತವೈದ್ಯರ ಉಚಿತ ಹಲ್ಲು ಶುಚಿ ಶಿಬಿರ. ಉದ್ಘಾಟನೆಗೆ ಹೋದ ಸಾಹೇಬರು ಜನರಿಗೆ ಮಾದರಿಯಾಗಲೆಂದು ತಾವೇ ಮೊದಲ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು. ಬಾಯ್ತುಂಬ ನೊರೆಯಾದ ಮೇಲೆ ಮುಕ್ಕಳಿಸಲು ನಲ್ಲಿ ತಿರುಗಿಸಿದರೆ ಗಾಳಿ ಬಂತು. ಅವತ್ತು ಆ ಬೀದಿಯ ಪೈಪ್ ತೊಳೆಯುವ ದಿನ. ನೀರು ಸರಬರಾಜಿನವರು ಬೆಳಿಗ್ಗೆಯೇ ಕವಾಟ ಮುಚ್ಚಿದ್ದರು. ಅವರ ಅಪ್ಲಿಕೇಶನ್‌ನಲ್ಲಿ ಅದು ಕೆಂಪಕ್ಷರದಲ್ಲೇ ಇತ್ತು. ಭವನದ ಅಪ್ಲಿಕೇಶನ್‌ನಲ್ಲಿ ಶಿಬಿರ ಹಸಿರಕ್ಷರದಲ್ಲಿತ್ತು. ಹಸಿರಿಗೆ ಕೆಂಪು ಕಾಣುತ್ತಿರಲಿಲ್ಲ. ಸಾಹೇಬರು ಕಾರಿನವರೆಗೂ ಕರವಸ್ತ್ರ ಬಾಯಿಗೊತ್ತಿಕೊಂಡೇ ನಡೆದರು. ಕಚೇರಿಗೆ ಬಂದವರು ಸಭೆ ಕರೆದರು.

"ಸರ್ವರ್ ಕೆಟ್ಟಿದ್ದಾಗ ಕಚೇರಿ ಸರಿಯಾಗಿತ್ತು," ಎಂದರು. ಮಾತಿನಲ್ಲಿ ಇನ್ನೂ ಪುದೀನ ವಾಸನೆ. "ಸರಿ ಹೋದಾಗಿನಿಂದ ಕಚೇರಿ ಕೆಟ್ಟಿದೆ. ಮೇಡಂ, ಮೊದಲಿನ ಹಾಗೇ ಮಾಡಿಬಿಡಿ."

ಗುಮಾಸ್ತರೆಲ್ಲ ತಲೆಯಾಡಿಸಿದರು. ನಾಯಿ ಲೈಸೆನ್ಸಿನವನು ಮೆಲ್ಲಗೆ, "ನಾನು ಮೊದಲ ದಿನವೇ ಕೇಳಿದ್ದೆ, ಯಾವಾಗ ಸರಿ ಹೋಗುತ್ತೆ ಅಂತ," ಎಂದ.

"ಮೊದಲಿನ ಹಾಗೆ ಮಾಡಿದ್ರೆ ನನ್ನ ರಜ?" ಎಂದು ಮೇಡಂ ಕೇಳಿದರು.

"ಅದು... ಮುಂದೆ ನೋಡೋಣ."

ಅಕ್ಕನ ತಾರೀಖು ಮುಂದಿನ ವಾರ. ಆಗದು ಎಂದರೆ ಅಕ್ಕ ನಿಜಕ್ಕೂ ಡಾಕ್ಟರನ್ನು ವಾಪಸ್ ಕಳಿಸುವವಳೇ. ಗೋಡೆ ಹಿಡಿದು ನಡೆಯುತ್ತಾ ಜೀವಮಾನವೆಲ್ಲ ತಂಗಿಯನ್ನು ಹಂಗಿಸುವವಳೇ. ಮೇಡಂಗೆ ಎಸಿ ಇಲ್ಲದ ಆ ಸಭಾಕೋಣೆಯಲ್ಲಿ ಬೆವರಿಳಿಯಿತು. ಕೆಟ್ಟ ಸರ್ವರಿನ ಮುಂದೆ ಮಾಡುವ ಹಾಗೇ ಮಾಡಿದರು: ಕೊನೆಯ ಬಾರಿ ಸರಿಯಾಗಿದ್ದಾಗ ಏನು ನಡೆಯುತ್ತಿತ್ತು ಎಂದು ಒಂದೊಂದಾಗಿ ಕೇಳುತ್ತಾ ಹೋದರು.

ಗ್ರಂಥಾಲಯದ ಗುಮಾಸ್ತನತ್ತ ತಿರುಗಿದರು. "ಮೊದಲೆಲ್ಲ ತೀರಿಹೋದವರಿಗೆ ನೋಟಿಸ್ ಹೋಗ್ತಿರ್ಲಿಲ್ವಲ್ಲ. ನಿಮಗೆ ಯಾರು ಹೇಳ್ತಿದ್ರು?"

"ಯಾರೂ ಹೇಳ್ತಿರ್ಲಿಲ್ಲ ಮೇಡಂ. ಗೊತ್ತಾಗ್ತಿತ್ತು."

"ಹೇಗೆ?"

ಗುಮಾಸ್ತ ಜನನ-ಮರಣದ ಮೇಡಂ ಕಡೆ ನೋಡಿದ. ಸಾವಿನ ವಿಷಯವನ್ನೂ ಹುಟ್ಟಿನಷ್ಟೇ ಖುಷಿಯಲ್ಲಿ ಹೇಳುವ ಆಕೆ, "ಟೀ ಕುಡೀತಾ ನಾನೇ ಹೇಳ್ತಿದ್ನಲ್ಲ! ನಿಮ್ಮ ಇಂಥ ಓದುಗರು ಹೋದ್ರು ಕಣ್ರೀ ಅಂತ. ಈ ಸಲ ಆ ಪತ್ತೇದಾರಿ ಕಾದಂಬರಿ ಅಜ್ಜಂದು ಹೇಳೋಕೆ ಇವರು ಸಿಗ್ಲೇ ಇಲ್ಲ," ಎಂದರು.

"ಪೈಪ್ ತೊಳೆಯೋ ವಿಷಯ?"

"ಅದೂ ಟೀಗೇ," ಎಂದರು ನೀರು ಸರಬರಾಜಿನವರು, ಸಾಹೇಬರ ಬಾಯಿಯ ಕಡೆ ನೋಡದೆ.

ಅಷ್ಟರಲ್ಲಿ ಮಾವ ಸಭೆಗೆ ಟೀ ತಂದರು, ಎಲ್ಲರೂ ತಮ್ಮನ್ನೇ ನೋಡುವುದನ್ನು ಕಂಡು ತಟ್ಟೆ ಹಿಡಿದು ನಿಂತರು. "ಏನು? ಸಕ್ಕರೆ ಹಾಕಿದೀನಿ," ಎಂದರು.

ಐದು ಅಪ್ಲಿಕೇಶನ್‌ಗಳು ಒಂದೇ ಸೂರಿನಡಿ ಇದ್ದರೂ ಒಂದಕ್ಕೊಂದು ಮುಖ ನೋಡಿದವಲ್ಲ. ಅವುಗಳ ಪರವಾಗಿ ಗುಮಾಸ್ತರು ಬೆಂಚಿನ ಮೇಲೆ ಮಾತಾಡಿಕೊಳ್ಳುತ್ತಿದ್ದರು. ಅದನ್ನು ಯಾರೂ ಕೆಲಸವೆಂದು ಕರೆದಿರಲಿಲ್ಲ, ಹಾಗಾಗಿ ಅದು ನಿಂತದ್ದೂ ಯಾರಿಗೂ ಕಂಡಿರಲಿಲ್ಲ. ಅವುಗಳನ್ನೇ ಪರಸ್ಪರ ಮಾತಾಡಿಸಲಾಗದೇ ಎಂದು ಸಾಹೇಬರು ಕೇಳಿದರು. ಆಗುತ್ತದೆ, ವರ್ಷ ಹಿಡಿಯುತ್ತದೆ, ಎಂದರು ಮೇಡಂ.

"ಹಾಗಾದ್ರೆ ಟೀಗೆ ಬಿಡುವು ಕೊಡಿ ಸರ್, ಆಯ್ತಲ್ಲ," ಎಂದ ನಾಯಿ ಲೈಸೆನ್ಸಿನವನು.

"ಹೇಗಯ್ಯಾ ಕೊಡ್ಲಿ? ಓಡೋ ಕಂಪ್ಯೂಟರ್ ಬಿಟ್ಟು ಎದ್ದು ಹೋಗಿ ಅಂತ ನಾನೇ ಸಹಿ ಹಾಕ್ಲಾ? ಸಾಲಲ್ಲಿ ನಿಂತವರು ಸುಮ್ನೆ ಬಿಡ್ತಾರಾ?"

"ಸರ್ವರ್ ನಿಲ್ಸೋದು ಬೇಡ ಸರ್," ಎಂದರು ಮೇಡಂ. "ಐದು ಬಾಗಿಲಿಗೂ ಮುಂದೆ ಒಂದೇ ಗೇಟ್ ಇದೆ. ಅದನ್ನ ಸ್ವಲ್ಪ ಹೊತ್ತು ಮುಚ್ಚಿ, ಪರದೆ ಮೇಲೆ ಒಂದು ಬೋರ್ಡ್ ತಗುಲಿ ಹಾಕಿದ್ರೆ ಸಾಕು. ಒಳಗಿನವರು ಇದ್ದ ಹಾಗೇ ಇರ್ತಾರೆ. ಮುಚ್ಚೋಕೆ ನಾನೇ ಬೇಕು ಅಂತಿಲ್ಲ. ಮೊದಲು ಎಲ್ಲರಿಗೂ ಫೋನ್ ಮಾಡಿ, ಸೇವ್ ಮಾಡ್ಕೊಂಡ್ರಾ ಅಂತ ಕೇಳೋ ತಾಳ್ಮೆ ಇರ್ಬೇಕು ಅಷ್ಟೆ."

ಎಲ್ಲರ ಕಣ್ಣೂ ಮತ್ತೆ ತಟ್ಟೆಯ ಕಡೆ ಹೋಯಿತು.

"ನಾನಾ?" ಎಂದರು ಮಾವ. "ನಂಗೆ ಗ್ಯಾಸ್ ಹಚ್ಚೋದು, ಆರಿಸೋದು ಬಿಟ್ರೆ ಇನ್ನೇನೂ ಬರಲ್ಲಮ್ಮ."

"ಅಷ್ಟೇ ಬೇಕಾಗಿರೋದು ಮಾವ. ಹಚ್ಚೋದು, ಆರಿಸೋದು."

ಉಗ್ರಾಣದಲ್ಲಿದ್ದ ಒಂದು ಹಳೆಯ ಕಂಪ್ಯೂಟರ್ ಸಕ್ಕರೆ ಡಬ್ಬದ ಪಕ್ಕಕ್ಕೆ ಬಂತು. ಪರದೆಯ ಮೇಲೆ ಎರಡೇ ಗುಂಡಿ: ಮುಚ್ಚು, ತೆರೆ. ಬೋರ್ಡಿನ ಮೇಲೆ ಏನು ಬರೆಯಬೇಕು ಎಂಬುದರ ಮೇಲೆ ಮಾತ್ರ ಜಟಾಪಟಿ ನಡೆಯಿತು. "ದೈನಂದಿನ ನಿರ್ವಹಣೆ" ಎಂದಿರಲಿ ಎಂದರು ಸಾಹೇಬರು. ಇಲ್ಲದ ರಿಪೇರಿಯನ್ನು ಇದೆ ಎಂದು ಬರೆಯಲು ಮೇಡಂಗೆ ಕೈ ಬರಲಿಲ್ಲ. "ಸಿಬ್ಬಂದಿ ಪರಸ್ಪರ ಮಾತನಾಡುತ್ತಿದ್ದಾರೆ, ದಯವಿಟ್ಟು ಕಾಯಿರಿ" ಎಂದು ಬರೆದರು. ಸಾಹೇಬರು ಹೌಹಾರಿದರು. ಆದರೆ ಮೊದಲ ದಿನ ಸಾಲಿನಲ್ಲಿದ್ದವರು ಕೌಂಟರಿನ ಪರದೆಯ ಕಡೆ ನೋಡಿ, "ಮತ್ತೆ ಕೆಟ್ಟೋಯ್ತಾ?" ಎಂದು ಹಾಯಾಗಿ ಬೆಂಚು ಹಿಡಿದು ಕೂತರು. ಬೋರ್ಡ್ ಓದಿದವರು ಯಾರೂ ಇರಲಿಲ್ಲ.

ವಾರ ಮುಗಿಯುವವರೆಗೂ ಸರ್ವರ್ ನಿಲ್ಲಲಿಲ್ಲ. ರಜೆಯ ಅರ್ಜಿಗೆ ಸಹಿ ಬಿತ್ತು.

ಆಸ್ಪತ್ರೆಯಲ್ಲಿ ಅಕ್ಕ ಹಸಿರು ಅಂಗಿ ತೊಟ್ಟು, ಕೂದಲಿಗೆ ಟೋಪಿ ಹಾಕಿಸಿಕೊಂಡು, ಗಾಲಿ ಮಂಚದ ಮೇಲೆ ಮಲಗಿದ್ದಳು. ಒಳಗೆ ಕರೆದೊಯ್ಯಲು ಬಂದಾಗ ಹನ್ನೊಂದಾಗುತ್ತಾ ಬಂದಿತ್ತು. ಭಾವ ಆಗಲೇ ಕಾರಿಡಾರಿನ ತುದಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದರು. ಅಕ್ಕ ತಂಗಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಪುಟ್ಟಿ, ಕಣ್ಣು ಬಿಟ್ಟಾಗ ಎಲ್ಲ ನೆನಪಿರುತ್ತೆ ತಾನೆ?"

"ಎಲ್ಲ ಇರುತ್ತೆ ಅಕ್ಕ. ನಾನು ಕಾಣದ್ದೇನಲ್ಲ, ದಿನಾ ಮಾಡ್ತಿದ್ದ ಕೆಲಸ. ನಿಲ್ಲಿಸೋದು, ಮತ್ತೆ ಎಬ್ಬಿಸೋದು. ಎರಡು ನಿಮಿಷ."

"ನಿನ್ನ ಎರಡು ನಿಮಿಷ ನಂಗೊತ್ತಿಲ್ವಾ!" ಎಂದು ಅಕ್ಕ ನಕ್ಕಳು, ನಗುತ್ತಲೇ ಕೈ ಬಿಟ್ಟಳು. ಬಾಗಿಲು ಮುಚ್ಚಿತು, ಮೇಲೆ ಕೆಂಪು ದೀಪ ಹತ್ತಿತು.

ಮೇಡಂ ಬೆಂಚಿನ ಮೇಲೆ ಕೂತರು. ಮಾಡಲು ಏನೂ ಇರಲಿಲ್ಲ. ನೋಡಲು ಏರಿಳಿಯುವ ಗೆರೆಯೂ ಇರಲಿಲ್ಲ. ಆ ಹೊತ್ತಿನಲ್ಲಿ ಕೈಕಟ್ಟಿ ಕೂತು ಅವರಿಗೆ ಅಭ್ಯಾಸವೇ ಇಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಹಿನ್ನೆಲೆಯಲ್ಲಿ ಲೋಟಗಳ ಸದ್ದು, ಜನನ-ಮರಣದ ಮೇಡಂ ಯಾರದೋ ಸಾವನ್ನು ಸಡಗರದಿಂದ ಹೇಳುತ್ತಿದ್ದದ್ದು ಕೇಳುತ್ತಿತ್ತು.

"ಅಮ್ಮಾ, ಮುಚ್ಚಿದೀನಿ. ಎಲ್ಲರೂ ಕೆಳಗಿದಾರೆ, ಟೀ ಮುಗೀತು," ಎಂದರು ಮಾವ. "ತೆರೆದ್ಬಿಡ್ಲಾ? ನಿಮ್ಮ ಅಕ್ಕ ಹೇಗಿದಾರೆ?"

"ಈಗ ಒಳಗೆ ಕರ್ಕೊಂಡು ಹೋದ್ರು ಮಾವ."

ಮಾವ ಫೋನಿನಿಂದ ಬಾಯಿ ತೆಗೆದು ಯಾರಿಗೋ ಏನೋ ಹೇಳಿದರು. ಲೋಟಗಳ ಸದ್ದು ನಿಂತಿತು.

ಮೇಡಂ ಕೆಂಪು ದೀಪದ ಕಡೆ ನೋಡಿದರು.

"ಇನ್ನೊಂದು ಸಲ ಎಲ್ಲರಿಗೂ ಟೀ ಕೊಡಿ ಮಾವ," ಎಂದರು. "ಎರಡು ನಿಮಿಷ ಬಿಟ್ಟು ತೆರೆಯೋಣ."